ಮರ ಅಲ್ಲ, ಬಾವುಟ: ರೇಂಜ್‌ಫೈಂಡರ್ ಆರಿಸಿದ ನನ್ನ ಅನುಭವ

ಗಾಲ್ಫ್ ಕೋರ್ಸ್‌ನಲ್ಲಿ ನಿಂತು, ಹೋಲ್‌ನ ಬಾವುಟ ಎಷ್ಟು ದೂರ ಇದೆ ಅಂತ ನೋಡುತ್ತಿದ್ದೆ. ನನ್ನ ಕೈಯಲ್ಲಿದ್ದ ರೇಂಜ್‌ಫೈಂಡರ್, ಅಂದರೆ ದೂರ ಅಳೆಯುವ ಯಂತ್ರ, 171 ಯಾರ್ಡ್ ಅಂತ ತೋರಿಸಿತು. ಪಕ್ಕದಲ್ಲಿ ನನ್ನ ಬ್ಯಾಗ್ ಹೊತ್ತು ನಿಂತಿದ್ದ ಕ್ಯಾಡಿ, "150 ಅಷ್ಟೇ ಸಾರ್, ಸೆವೆನ್ ತಗೊಳ್ಳಿ" ಅಂದರು. ನಾನು ಯಂತ್ರದ ಮಾತು ಕೇಳಿದೆ. ಸೆವೆನ್ ಐರನ್‌ಗಿಂತ ದೂರ ಹೊಡೆಯುವ ಫೈವ್ ಐರನ್ ಕ್ಲಬ್‌ನಲ್ಲಿ ಹೊಡೆದ ಚೆಂಡು ನೆಟ್ಟಗೆ ಹೋಗಿ, ಬಾವುಟ ಇರುವ ನುಣುಪು ಹುಲ್ಲಿನ ಗ್ರೀನ್ ದಾಟಿ, ಹಿಂದಿನ ಸಿಲ್ವರ್ ಓಕ್ ಮರಗಳ ಬುಡದಲ್ಲಿ ಬಿತ್ತು. ಕ್ಯಾಡಿ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಯಂತ್ರ ಇಸಿದುಕೊಂಡು, ಒಂದು ಕಣ್ಣು ಮುಚ್ಚಿ ನೋಡಿ, "ಇದು ಬಾವುಟ ನೋಡ್ತಾ ಇಲ್ಲ ಸಾರ್, ಹಿಂದಿನ ಮರ ನೋಡ್ತಾ ಇದೆ" ಅಂದರು.

ಆ ಒಂದು ಮಾತಿನ ಮೇಲೆ ನಾನು ಹೊಸ ರೇಂಜ್‌ಫೈಂಡರ್ ಆರಿಸಿದ್ದು.

ಅವರಿಗೆ ಅರವತ್ತು ದಾಟಿದೆ. ಬೆಂಗಳೂರಿನ ಗಾಲ್ಫ್ ಕೋರ್ಸ್‌ಗಳಲ್ಲಿ ಬ್ಯಾಗ್ ಹೊತ್ತು ಹೊತ್ತು ದೂರ ಅನ್ನೋದು ಅವರ ಕಾಲಿಗೇ ಗೊತ್ತಿದೆ. ಈ ಊರಿನ ಕ್ಯಾಡಿಗಳನ್ನು ಯಾರೂ ಸುಮ್ನೆ ಬ್ಯಾಗ್ ಹಿಡಿಯುವವರು ಅಂದುಕೊಳ್ಳಬಾರದು. 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಸ್ಪರ್ಧೆ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿಯೇ ಶುರು ಮಾಡಿದವರು. ಹಾಗಾಗಿ ನನ್ನ ಹುಡುಕಾಟದಲ್ಲಿ ನಮ್ಮ ಕ್ಯಾಡಿಯ ಮಾತಿಗೆ ಅಂಗಡಿಯವರ ಮಾತಿಗಿಂತ ಜಾಸ್ತಿ ಬೆಲೆ ಕೊಟ್ಟೆ.

ಮೊದಲು ಈ ಯಂತ್ರ ಮಾಡುವ ಕೆಲಸ ಏನು ಅಂತ ಅರ್ಥ ಮಾಡಿಕೊಂಡೆ. ಒಳಗಿಂದ ಕಣ್ಣಿಗೆ ಕಾಣದ ಲೇಸರ್ ಮಿಡಿತ ಹೊರಡುತ್ತದೆ. ಎದುರಿನ ವಸ್ತುವಿಗೆ ತಾಗಿ ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಯಾರ್ಡ್ ದೂರಕ್ಕೆ ಬೆಳಕು ಹೋಗಿ ಬರುವ ಸಮಯ ಸೆಕೆಂಡಿನ ನೂರು ಕೋಟಿಯಲ್ಲಿ ಬರೀ 6 ಪಾಲು. ಅಷ್ಟು ಸಣ್ಣ ಸಮಯವನ್ನು ಅಳೆಯುವ ಕೆಲಸ ಈಗ ಕಡಿಮೆ ಬೆಲೆಯ ಯಂತ್ರಕ್ಕೂ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಲೇಸರ್ ದೂರ ಹೋದಷ್ಟೂ ಅಗಲವಾಗುತ್ತದೆ. ಬಾವುಟದ ಕಂಬ ಹೆಬ್ಬೆರಳಿನಷ್ಟು ದಪ್ಪ, ಮೇಲಿನ ಬಟ್ಟೆ ಗಾಳಿಗೆ ಆಡುತ್ತಿರುತ್ತದೆ. ಲೇಸರ್‌ನ ಒಂದು ಪಾಲು ಬಾವುಟಕ್ಕೆ ತಾಗಿದರೆ ಉಳಿದದ್ದು ಹಿಂದಿನ ಮರಕ್ಕೆ ಹೋಗಿ ತಾಗುತ್ತದೆ. ಎರಡು ಕಡೆಯಿಂದಲೂ ಉತ್ತರ ಬರುತ್ತದೆ. ಮರ ದೊಡ್ಡದು, ಅದರ ದನಿಯೇ ಜೋರು. ಬಂದ ಉತ್ತರಗಳಲ್ಲಿ ಹತ್ತಿರದ್ದನ್ನು ಹಿಡಿದು ದೂರದ್ದನ್ನು ಬಿಡುವ ಬುದ್ಧಿ ಯಂತ್ರಕ್ಕೆ ಇರಬೇಕು. ಇದನ್ನೇ ಪಿನ್ ಲಾಕ್ ಅನ್ನುತ್ತಾರೆ. ಬಾವುಟ ಸಿಕ್ಕಾಗ ಯಂತ್ರ ಕೈಯಲ್ಲಿ ಸಣ್ಣಗೆ ನಡುಗುತ್ತದೆ. ಬುಶ್‌ನೆಲ್ ಕಂಪನಿಯವರು ಇದಕ್ಕೆ ಜೋಲ್ಟ್ ಅಂತ ಹೆಸರಿಟ್ಟಿದ್ದಾರೆ. ಬೇರೆ ಕಂಪನಿಗಳ ಯಂತ್ರಗಳಲ್ಲೂ ಇಂಥದ್ದು ಇರುತ್ತದೆ.

ನಾನು 15ರಿಂದ 20 ಸಾವಿರ ರೂಪಾಯಿ ಇಟ್ಟುಕೊಂಡಿದ್ದೆ. ಮೊದಲನೆಯದನ್ನು ಆರೂವರೆ ಸಾವಿರಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದೆ, ಅದರ ಕಥೆ ಮೇಲೆ ಹೇಳಿದ್ದೇನೆ. ನಾನು ಇಟ್ಟುಕೊಂಡ ದುಡ್ಡಿನ ಎರಡು ಮೂರು ಪಟ್ಟು ಬೆಲೆಯ ಯಂತ್ರಗಳೂ ಇವೆ. ಅವು ಚೆನ್ನಾಗಿಯೇ ಇರುತ್ತವೆ. ಆದರೆ ವಾರಕ್ಕೊಂದು ದಿನ ಆಡುವ ನನಗೆ ಆ ದುಡ್ಡನ್ನು ಪಾಠಕ್ಕೆ ಹಾಕುವುದು ಒಳ್ಳೆಯದು ಅನ್ನಿಸಿತು.

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 1000 ಯಾರ್ಡ್ ಅಂತ ಬರೆದಿರುತ್ತದೆ. ಈ ಅಂಕಿ ನೋಡಿ ಯಾರೂ ತೀರ್ಮಾನ ಮಾಡಬೇಡಿ. ಅಷ್ಟು ದೂರ ಅಳೆಯುವುದು ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುವ ದೊಡ್ಡ ವಸ್ತುಗಳಿಗೆ. ಬಾವುಟಕ್ಕೆ ಅದು ತುಂಬಾ ಕಡಿಮೆಯಾಗುತ್ತದೆ. ನನಗೆ ಬೇಕಿದ್ದುದು ಜಾಸ್ತಿ ಅಂದರೆ 250 ಯಾರ್ಡ್. ಅದರಲ್ಲೂ 80ರಿಂದ 180ರ ನಡುವೆ ತಪ್ಪಬಾರದು, ಅಷ್ಟೇ.

ಹೊಸದಾಗಿ ಎರಡು ಯಂತ್ರ ಸಿಕ್ಕವು. ಒಂದು ನನ್ನ ಬಾಮೈದನದು. ಇನ್ನೊಂದನ್ನು ಒಬ್ಬ ಅಂಗಡಿಯವರು ಠೇವಣಿ ಇಟ್ಟುಕೊಂಡು ಎರಡು ದಿನಕ್ಕೆ ಕೊಟ್ಟರು. ಬೇರೆ ಒಂದು ಅಂಗಡಿಯಲ್ಲಿ ಡಬ್ಬ ತೆಗೆಯಲೂ ಬಿಡಲಿಲ್ಲ. ಹೊರಗೆ ನಿಂತು ಒಂದು ಸಲ ನೋಡಲಿಕ್ಕೂ ಕೊಡದಿದ್ದರೆ ಅಲ್ಲಿ ಕೊಳ್ಳಬೇಡಿ. ಅಂಗಡಿಯ ಒಳಗೆ ಎದುರಿನ ಗೋಡೆಗೆ ಹಿಡಿದು ನೋಡಿದರೆ ಎಲ್ಲ ಯಂತ್ರವೂ ಒಂದೇ ಥರ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಲೇಔಟ್‌ನ ಉದ್ದದ ರಸ್ತೆಯಲ್ಲಿ ಟೇಪ್ ಹಿಡಿದು ಅಳೆದೆವು. ನಮ್ಮ ಟೇಪ್ 30 ಮೀಟರ್‌ನದು. ಮೂರು ಸಲ ಪೂರ್ತಿ ಎಳೆದು, ಮೇಲೆ 10 ಮೀಟರ್ ಸೇರಿಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. 100 ಮೀಟರ್ ಅಂದರೆ 109.4 ಯಾರ್ಡ್. ಆ ತುದಿಯಲ್ಲಿ ಮಗ ಹಳೇ ಕ್ಯಾಲೆಂಡರ್‌ನ ಬಿಳೀ ಬೆನ್ನನ್ನು ಎದೆಗೆ ಹಿಡಿದು ನಿಂತ. ಪಕ್ಕದ ಮನೆಯ ಹಿರಿಯರು ಹಾಲಿನ ಪ್ಯಾಕೆಟ್ ಹಿಡಿದು ಬಂದವರು, "ರಸ್ತೆ ಅಗಲ ಮಾಡ್ತಾರಾ?" ಅಂತ ಗಾಬರಿಯಿಂದ ಕೇಳಿದರು. ವಿಷಯ ಹೇಳಿ ಅವರ ಕೈಗೂ ಯಂತ್ರ ಕೊಟ್ಟೆ. ಅವರಿಗೂ 109 ಬಂತು.

ಮೂರು ಯಂತ್ರವೂ 109 ಅಥವಾ 110 ತೋರಿಸಿದವು. ಆರೂವರೆ ಸಾವಿರದ್ದೂ ಅಷ್ಟೇ. ಅಂದರೆ ನನ್ನ ಹಳೆಯದು ಅಳತೆಯಲ್ಲಿ ಸುಳ್ಳು ಹೇಳಿರಲಿಲ್ಲ. ಆ ದಿನ ಮರ ನಿಜವಾಗಿಯೂ 171 ಯಾರ್ಡ್‌ನಲ್ಲೇ ಇತ್ತು. ಅಳೆದದ್ದು ಸರಿ, ಗುರಿ ತಪ್ಪು. ಇದು ಗೊತ್ತಾದ ಮೇಲೆ "ಒಂದು ಯಾರ್ಡ್ ನಿಖರತೆ" ಅನ್ನುವ ಜಾಹೀರಾತಿನ ಸಾಲುಗಳನ್ನು ನಾನು ಓದಲೇ ಇಲ್ಲ.

ನಿಜವಾದ ಪರೀಕ್ಷೆ ಕೋರ್ಸ್‌ನಲ್ಲಿ ಆಯಿತು. ಅದೇ ಹೋಲ್, ನೆಲದ ಮೇಲೆ ಅದೇ 150 ಯಾರ್ಡ್‌ನ ಗುರುತು, ಬಾವುಟದ ಹಿಂದೆ ಅದೇ ಮರಗಳು. ನಮ್ಮ ಹಿಂದೆ ಆಡುವವರು ಇಲ್ಲದ ಹೊತ್ತು ನೋಡಿಕೊಂಡು, ಪ್ರತಿ ಯಂತ್ರದಿಂದ ಹತ್ತು ಸಲ ಬಾವುಟ ಹಿಡಿದೆ. ಕ್ಯಾಡಿ ಸ್ಕೋರ್ ಕಾರ್ಡ್‌ನ ಹಿಂದೆ ಅಂಕಿ ಬರೆದುಕೊಂಡರು. ಹಳೆಯದು ಹತ್ತರಲ್ಲಿ ನಾಲ್ಕು ಸಲ ಬಾವುಟ ಹಿಡಿಯಿತು. ಬಾಮೈದನದು ಏಳು ಸಲ. ಅಂಗಡಿಯದು ಒಂಬತ್ತು ಸಲ. ಬಾಮೈದನದರ ಬೆಲೆ ಅಂಗಡಿಯದಕ್ಕಿಂತ ಮೂರು ಸಾವಿರ ಜಾಸ್ತಿ!

ಕಾರಣ ಹುಡುಕಿದಾಗ ನನ್ನ ಕೈ ಮತ್ತು ಕಣ್ಣಿನಲ್ಲಿ ಸಿಕ್ಕಿತು. ಬಾಮೈದನ ಯಂತ್ರ ತುಂಬಾ ಹಗುರ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಆರು ಪಟ್ಟು ದೊಡ್ಡದಾಗಿ ಕಾಣುವ ಗಾಜಿನಲ್ಲಿ ಕೈಯ ನಡುಕವೂ ಆರು ಪಟ್ಟು. ಸ್ವಲ್ಪ ತೂಕ ಇರುವ ಅಂಗಡಿಯ ಯಂತ್ರ ಕೈಯಲ್ಲಿ ಗಟ್ಟಿಯಾಗಿ ಕೂತಿತು. ಹಿಡಿಯುವ ಬಗೆಯೂ ಮುಖ್ಯ ಅಂತ ಅವತ್ತೇ ಕಲಿತೆ. ಎರಡೂ ಮೊಣಕೈಯನ್ನು ಎದೆಗೆ ಒತ್ತಿಕೊಳ್ಳಬೇಕು. ಬಲಗೈಯಲ್ಲಿ ಯಂತ್ರ, ಎಡಗೈಯ ಬೆರಳು ಟೋಪಿಯ ಅಂಚಿಗೆ. ಅರ್ಧ ಉಸಿರು ಬಿಟ್ಟು ಗುಂಡಿ ಒತ್ತಬೇಕು. ಇಷ್ಟು ಮಾಡಿದ ಮೇಲೆ ಬಾಮೈದನ ಯಂತ್ರವೂ ಎಂಟಕ್ಕೆ ಬಂತು.

ಬಾವುಟ ಸುಲಭವಾಗಿ ಸಿಗದಿದ್ದರೆ ಗುಂಡಿ ಒತ್ತಿಯೇ ಇಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಅಂಕಿ 171, 171, 149, 171 ಅಂತ ಓಡುತ್ತದೆ. ನಡುವೆ ಒಂದು ಸಲ ಇಳಿದ ಆ 149 ಬಾವುಟ.

ಇನ್ನು ಕಣ್ಣು. ನಾನು ಕನ್ನಡಕ ಹಾಕುತ್ತೇನೆ. ಕಣ್ಣಿಗೂ ಗಾಜಿಗೂ ನಡುವೆ ಅಂತರ ಬಿಟ್ಟರೂ ಚಿತ್ರ ಪೂರ್ತಿ ಕಾಣಬೇಕು. ಕೆಲವದರಲ್ಲಿ ಕನ್ನಡಕ ಹಾಕಿಕೊಂಡು ನೋಡಿದರೆ ಸುತ್ತ ಕಪ್ಪು ಉಂಗುರ ಬರುತ್ತದೆ, ಮಧ್ಯದ ಒಂದಿಷ್ಟು ಮಾತ್ರ ಕಾಣುತ್ತದೆ. ಕಣ್ಣಿನ ಕಡೆಯ ರಬ್ಬರ್ ಮಡಚಲು ಬರುತ್ತದಾ, ತಿರುಗಿಸಿದರೆ ಅಕ್ಷರ ಚೂಪಾಗುತ್ತದಾ ಅಂತ ನೋಡಿ. ಅಂಕಿಯ ಬಣ್ಣವೂ ದೊಡ್ಡ ವಿಷಯ. ಬೆಳಿಗ್ಗೆ ಆರೂವರೆಗೆ ಟೀ ಆಫ್ ಮಾಡುವವರಿಗೆ, ಅಂದರೆ ಆಟ ಶುರು ಮಾಡುವವರಿಗೆ, ಇದು ಬೇಗ ಗೊತ್ತಾಗುತ್ತದೆ. ಕಪ್ಪು ಅಂಕಿ ಕಪ್ಪು ಮರದ ಮೇಲೆ ಬಿದ್ದರೆ ಓದಲು ಆಗುವುದಿಲ್ಲ. ಹೈ ಗ್ರೌಂಡ್ಸ್‌ನಲ್ಲಿ 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಮರ ಜಾಸ್ತಿ ಇರುವ ಕಡೆ ಕೆಂಪು ಅಂಕಿಯೇ ಸರಿ ಅಂತ ನನ್ನ ಅನಿಸಿಕೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಸ್ವಲ್ಪ ಮಂಕಾಗುತ್ತದೆ, ಆದರೂ ಓದಬಹುದು.

ಡಿಸೆಂಬರ್, ಜನವರಿಯ ಮಂಜಿನಲ್ಲಿ ಯಾವ ಯಂತ್ರವನ್ನೂ ಪೂರ್ತಿ ನಂಬಬೇಡಿ. ಮಂಜಿನ ಹನಿಗಳೇ ಲೇಸರನ್ನು ವಾಪಸ್ ಕಳಿಸುತ್ತವೆ. ಹತ್ತಿರದ್ದನ್ನು ಹಿಡಿಯುವ ಬುದ್ಧಿ ಅಲ್ಲಿ ತಿರುಗುಬಾಣವಾಗುತ್ತದೆ. ಎದುರಿಗೆ 140 ಯಾರ್ಡ್ ಇದ್ದರೂ 20, 30 ಅಂತ ತೋರಿಸುತ್ತದೆ. ಜಡಿಮಳೆಯಲ್ಲೂ ಹೀಗೇ. ಆಗ ನೆಲದ ಮೇಲಿನ ಗುರುತು ಮತ್ತು ಕ್ಯಾಡಿಯ ಹೆಜ್ಜೆಯೇ ಆಧಾರ.

ಸ್ಲೋಪ್ ಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಾರೆ. ಏರು ಇಳಿತ ಲೆಕ್ಕ ಹಾಕಿ ದೂರ ಹೇಳುವ ಸೌಲಭ್ಯ ಅದು. ಗ್ರೀನ್ ನಮಗಿಂತ 10 ಯಾರ್ಡ್ ಕೆಳಗಿದ್ದರೆ 150 ಸುಮಾರು 140ರ ಹಾಗೆ ಆಡುತ್ತದೆ. ನಂದಿ ಬೆಟ್ಟದ ಕಡೆಯ ಕೋರ್ಸ್‌ಗೆ ಹೋದಾಗ ಇದು ನನಗೆ ತುಂಬಾ ಉಪಯೋಗಕ್ಕೆ ಬಂತು. ಆದರೆ ಸ್ಪರ್ಧೆಯಲ್ಲಿ ಇದನ್ನು ಬಳಸುವ ಹಾಗಿಲ್ಲ. 2019ರಲ್ಲಿ ಬಂದ ಗಾಲ್ಫ್ ನಿಯಮ 4.3ರ ಪ್ರಕಾರ, ಸ್ಪರ್ಧೆ ನಡೆಸುವವರು ತಮ್ಮದೇ ನಿಯಮ ಮಾಡಿ ಬೇಡ ಅನ್ನದಿದ್ದರೆ ದೂರ ಅಳೆಯಬಹುದು. ಏರಿಳಿತ ಅಳೆಯಬಾರದು. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಮೊದಲ ತಪ್ಪಿಗೆ ಎರಡು ಸ್ಟ್ರೋಕ್ ದಂಡ, ಮತ್ತೆ ಮಾಡಿದರೆ ಆಟದಿಂದಲೇ ಹೊರಗೆ. ಯಂತ್ರದಲ್ಲಿ ಸ್ಲೋಪ್ ಇದ್ದರೆ ತಪ್ಪಲ್ಲ, ಬಳಸಿದರೆ ತಪ್ಪು. ಅದಕ್ಕೇ ಹೊರಗಿನಿಂದ ಆನ್, ಆಫ್ ಕಾಣುವ ಸ್ವಿಚ್ ಇರುವುದನ್ನೇ ಆರಿಸಿದೆ. ಜೊತೆಗೆ ಆಡುವವರಿಗೂ ಅನುಮಾನ ಬರಬಾರದು, ಅಲ್ವಾ?

ಬೆಂಗಳೂರಿನವರು ಇನ್ನೊಂದು ವಿಷಯ ನೆನಪಿಡಬೇಕು. ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು, ಚೆಂಡು ಸ್ವಲ್ಪ ಜಾಸ್ತಿ ಹಾರುತ್ತದೆ. ಇಲ್ಲಿ 150 ಹೋಗುವ ನನ್ನ ಸೆವೆನ್ ಐರನ್ ಚೆನ್ನೈನಲ್ಲಿ ನಾಲ್ಕೈದು ಯಾರ್ಡ್ ಕಡಿಮೆ ಬೀಳುತ್ತದೆ. ಈ ಬೆಲೆಯ ಯಂತ್ರ ದೂರವನ್ನಷ್ಟೇ ಹೇಳುತ್ತದೆ. ಯಾವ ಕ್ಲಬ್ ಎಷ್ಟು ಹೋಗುತ್ತದೆ ಅನ್ನುವುದನ್ನು ನಾವು ಅಭ್ಯಾಸದ ರೇಂಜ್‌ನಲ್ಲಿ ನಿಂತು ಬೇರೆಯಾಗಿಯೇ ಕಂಡುಕೊಳ್ಳಬೇಕು.

ಬ್ಯಾಟರಿ ಬಗ್ಗೆ ಎರಡು ಮಾತು. ಕೆಲವು ಫೋನ್ ಥರ ಚಾರ್ಜ್ ಆಗುತ್ತವೆ, ಕೆಲವಕ್ಕೆ ಸಿಆರ್2 ಸೆಲ್ ಬೇಕು. ಸಿಆರ್2 ಬೀದಿ ಅಂಗಡಿಯಲ್ಲಿ ಸಿಗುವುದಿಲ್ಲ, ನಾನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ತಂದೆ. ಆದರೂ ನಾನು ಸೆಲ್ ಇರುವುದನ್ನೇ ತಗೊಂಡೆ. ಒಂಬತ್ತನೇ ಹೋಲ್‌ನಲ್ಲಿ ಮುಗಿದುಹೋದರೆ ಬ್ಯಾಗ್‌ನಿಂದ ಇನ್ನೊಂದು ತೆಗೆದು ಹಾಕಬಹುದು. ಆಟಗಾರರು ಓಡಾಡುವ ಗಾಡಿಗೆ, ಅಂದರೆ ಕಾರ್ಟ್‌ಗೆ, ಅಂಟಿಸುವ ಅಯಸ್ಕಾಂತ ನಡೆದು ಆಡುವ ನನಗೆ ಬೇಕಿರಲಿಲ್ಲ. ನಮ್ಮ ದೇಶದಲ್ಲೇ ವಾರಂಟಿ ಇದೆಯಾ ಅಂತ ಬಿಲ್ ಬರೆಸುವಾಗ ಕೇಳಿ.

ಕೊನೆಗೆ ಅಂಗಡಿಯ ಆ ಯಂತ್ರವನ್ನೇ 17,500ಕ್ಕೆ ತಗೊಂಡೆ. ಮಾಡೆಲ್‌ಗಳು ಬೇಗ ಬೇಗ ಬದಲಾಗುತ್ತವೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ನಿಮ್ಮ ಕೋರ್ಸ್‌ನಲ್ಲಿ ಬಾವುಟದ ಹಿಂದೆ ಮರ ಇರುವ ಒಂದು ಹೋಲ್ ಹುಡುಕಿ, ಹತ್ತು ಸಲ ನೋಡಿ, ಎಷ್ಟು ಸಲ ಸಿಕ್ಕಿತು ಅಂತ ಎಣಿಸಿ.

ಹೊಸದು ತಂದ ವಾರ ಆಟ ಮುಗಿದ ಮೇಲೆ ಕ್ಯಾಡಿ, "ಅರ್ಧ ಗಂಟೆ ಕೊಡ್ತೀರಾ ಸಾರ್?" ಅಂದರು. ಕೊಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಅವರು ಕೊನೆಯ ಎರಡು ಹೋಲ್‌ಗಳ ಮರಳಿನ ಬಂಕರ್, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಒಂಟಿ ಮರ ಎಲ್ಲದರ ಹತ್ತಿರವೂ ನಿಂತು ಬಾವುಟ ಹಿಡಿದು ಬಂದಿದ್ದರು. ಕೈಯಲ್ಲಿ ಬೆವರಿಗೆ ಮೆತ್ತಗಾದ ಪುಟ್ಟ ನೋಟ್‌ಬುಕ್. ಹೆಜ್ಜೆ ಹಾಕಿ ಬರೆದ ಹಳೇ ಅಂಕಿಗಳು ನೀಲಿ ಶಾಯಿಯಲ್ಲಿದ್ದವು. ಪುಟದಲ್ಲಿ ಎರಡನ್ನು ಮಾತ್ರ ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಬರೆದಿದ್ದರು. ಉಳಿದದ್ದೆಲ್ಲ ಒಂದೆರಡು ಯಾರ್ಡ್‌ನೊಳಗೆ ಹೊಂದಿತ್ತು, ಹಾಗೇ ಬಿಟ್ಟಿದ್ದರು.