ಕುದುರೆ ಕಾಲು ತುಳಿದರೆ ಏನು ಮಾಡಬೇಕು, ಮತ್ತೆ ಯಾವಾಗ ಹತ್ತಬೇಕು

ಕುದುರೆ ನಿಮ್ಮ ಪಾದದ ಮೇಲೆ ಕಾಲಿಟ್ಟರೆ ಪಾದ ಎಳೆಯಬೇಡಿ. ಎಲ್ಲರೂ ಮೊದಲು ಮಾಡುವುದೇ ಅದು. ಮೇಲೆ ಅಷ್ಟು ಭಾರ ಇರುವಾಗ ಎಳೆದರೆ ಲಾಳದ ಅಂಚು ಚರ್ಮ ಸುಲಿದುಬಿಡುತ್ತದೆ. ಅದರ ಬದಲು ಕುದುರೆಯ ಹೆಗಲಿಗೆ ಅಂಗೈ ಇಲ್ಲವೇ ಮೊಣಕೈ ಕೊಟ್ಟು ಆಚೆ ಕಡೆಗೆ ನೂಕಿ. ಭಾರ ಇನ್ನೊಂದು ಮುಂಗಾಲಿಗೆ ಹೋದ ತಕ್ಷಣ ಈ ಕಾಲು ಎತ್ತುತ್ತದೆ. ಕಿರುಚಬೇಡಿ ಅಂತ ಹೇಳುವುದು ಸುಲಭ, ಗೊತ್ತು. ಆದರೆ ಕಿರುಚಿದರೆ ಅದು ಬೆದರಿ ನಿಂತಲ್ಲೇ ತಿರುಗುತ್ತದೆ, ಅಂದರೆ ನಿಮ್ಮ ಪಾದದ ಮೇಲೇ ತಿರುಗುತ್ತದೆ.

ನಮ್ಮದು ಗಂಗಾವತಿ ಪಕ್ಕದ ಹಳ್ಳಿ, ಭತ್ತದ ಸೀಮೆ. ಮನೆಯಲ್ಲಿ ಚಂದ್ರಿ ಅಂತ ಒಂದು ಹೆಣ್ಣು ಕುದುರೆ ಇದೆ. ಈ ಸಲ ಕನಕಗಿರಿ ಜಾತ್ರೆಗೆ ಹೊಲದ ದಾರಿ ಹಿಡಿದು ಕುದುರೆ ಮೇಲೇ ಹೋಗಬೇಕು ಅಂತ ಇತ್ತು. ಅಲ್ಲಿರುವ ನನ್ನ ಭಾಮೈದ ಅರ್ಧ ದಾರಿಗೆ ತನ್ನ ಕುದುರೆ ಹತ್ತಿ ಎದುರು ಬರುವವನಿದ್ದ. ಒಂದು ಬೆಳಗ್ಗೆ ನೀರು ಕುಡಿಸಲು ಹಿಡಿದುಕೊಂಡು ಹೋಗುವಾಗ ಹಿಂದಿನಿಂದ ಸೈಲೆನ್ಸರ್ ಕಿತ್ತ ಬೈಕ್ ಒಂದು ಬಂತು. ಚಂದ್ರಿ ಪಕ್ಕಕ್ಕೆ ಜಿಗಿದಳು. ಪಕ್ಕದಲ್ಲಿದ್ದದ್ದು ನಾನು. ಬಲ ಪಾದ ಹೋಯಿತು, ಜಾತ್ರೆಯ ಸವಾರಿಯೂ ಹೋಯಿತು.

ಬಲ ಪಾದವೇ ಯಾಕೆ ಅಂದರೆ, ನಾವು ಕುದುರೆಯನ್ನು ಅದರ ಎಡಗಡೆ ನಿಂತು ಹಿಡಿದು ನಡೆಸುತ್ತೇವೆ. ಆಗ ಅದಕ್ಕೆ ಹತ್ತಿರ ಇರುವುದು ನಮ್ಮ ಬಲಗಾಲು. ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. 400 ಕೆ.ಜಿ. ಕುದುರೆಯಾದರೆ ಸುಮ್ನೆ ನಿಂತಾಗಲೇ ಒಂದು ಮುಂಗಾಲಿನ ಕೆಳಗೆ 120 ಕೆ.ಜಿ. ಒಂದೂವರೆ ಚೀಲ ಭತ್ತವನ್ನು ಒಂದು ಕಬ್ಬಿಣದ ಲಾಳದ ಮೇಲೆ ಇಟ್ಟ ಹಾಗೆ. ಜಿಗಿದು ಇಳಿದಾಗ ಇನ್ನೂ ಜಾಸ್ತಿ.

ಕಾಲು ಬಿಡಿಸಿಕೊಂಡ ಮೇಲೆ ಮೊದಲು ಕುದುರೆಯನ್ನು ಬೇರೆಯವರ ಕೈಗೆ ಕೊಡಿ. ಯಾರೂ ಇಲ್ಲದಿದ್ದರೆ ಗಟ್ಟಿಯಾದ ಕಡೆ ಕಟ್ಟಿ, ಹಗ್ಗದ ತುದಿಯನ್ನು ನೀವು ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಆಮೇಲೆ ಕೂತುಕೊಂಡು ಶೂ, ಕಾಲುಂಗುರ ಎಲ್ಲ ತೆಗೆಯಿರಿ. ಕೈಗೆ ಪೆಟ್ಟಾಗಿದ್ದರೆ ಉಂಗುರ ಮೊದಲು. ತಡ ಮಾಡಿದರೆ ಬಾವು ಬಂದು ಅದನ್ನು ಕತ್ತರಿಸಿಯೇ ತೆಗೆಯಬೇಕಾಗಬಹುದು.

ಗಾಯ ಇದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ, ಕುದುರೆ ಲದ್ದಿಯಲ್ಲೂ ಇರುತ್ತದೆ. ಹಾಗಾಗಿ ಲಾಯದಲ್ಲಿ ಆದ ಗಾಯ ಸಣ್ಣದಿದ್ದರೂ ಕೊಳಕು ಗಾಯ ಅಂತಲೇ ತಿಳಿಯಬೇಕು. ಕೊನೆಯ ಟಿಟಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ನೆನಪಿಲ್ಲ ಅಂದರೆ ಡಾಕ್ಟರಿಗೆ ಅದನ್ನೇ ಹೇಳಿ.

ಚರ್ಮ ಒಡೆದಿಲ್ಲದಿದ್ದರೆ ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ, ಮೊದಲ ಎರಡು ದಿನ. ಮಲಗಿ, ಕಾಲ ಕೆಳಗೆ ಎರಡು ದಿಂಬು ಹಾಕಿ. ಎಣ್ಣೆ ಹಚ್ಚಿ ತಿಕ್ಕಲು ಯಾರಾದರೂ ಬಂದೇ ಬರುತ್ತಾರೆ. ನಮ್ಮ ಮನೆಗೆ ಮೂರು ಓಣಿಯವರು ಬಂದರು. ಪ್ರೀತಿಯಿಂದ ಬಂದವರಿಗೆ ಚಹಾ ಕೊಡಿ, ಕಾಲು ಕೊಡಬೇಡಿ. ಒಳಗೆ ಮೂಳೆ ಮುರಿದಿದ್ದರೆ ತಿಕ್ಕುವುದರಿಂದ ಅದು ಜಾಗ ಬಿಟ್ಟು ಸರಿಯಬಹುದು.

ಎಕ್ಸ್‌ರೇ ಬೇಕಾ ಅನ್ನುವುದಕ್ಕೆ ಡಾಕ್ಟರುಗಳೇ ಬಳಸುವ ಸುಲಭ ಗುರುತುಗಳಿವೆ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ ಎಕ್ಸ್‌ರೇ ಬೇಕು. ಕಿರುಬೆರಳಿನ ಕಡೆ, ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆಯನ್ನು ಒತ್ತಿದರೆ ನೋವಾದರೂ ಬೇಕು. ಇನ್ನೊಂದನ್ನು ಜನ ನೋಡುವುದೇ ಇಲ್ಲ. ಮಾರನೇ ದಿನ ಅಂಗಾಲು ತಿರುಗಿಸಿ ನೋಡಿ. ಪೆಟ್ಟು ಬಿದ್ದದ್ದು ಮೇಲೆ, ಆದರೆ ನೀಲಿ ಕಲೆ ಅಂಗಾಲಿನ ನಡುವೆ ಕಂಡರೆ ಪಾದದ ನಡುಭಾಗದ ಕೀಲು ಕಟ್ಟುಗಳಿಗೆ ಏಟಾಗಿರಬಹುದು. ಅದನ್ನು ಉಳುಕು ಅಂತ ಬಿಟ್ಟರೆ ಪಾದ ಜೀವನಪೂರ್ತಿ ಕಾಡುತ್ತದೆ. ಮೂಳೆ ಡಾಕ್ಟರಿಗೇ ತೋರಿಸಿ.

ನೋವು ಕಡಿಮೆಯಾಗುವ ಬದಲು ಗಂಟೆಗಂಟೆಗೂ ಏರುತ್ತಿದ್ದರೆ, ಬೆರಳು ಜೋಮು ಹಿಡಿದು ಬಿಳಿಚಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೊಟ್ಟೆಗೆ ಒದೆ ಬಿದ್ದಿದ್ದರೆ ಆರಾಮ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಗೆ ಬಿದ್ದು ವಾಂತಿ, ಮಂಪರು ಬಂದರೂ ಅಷ್ಟೇ.

ನನ್ನದು ಪಾದದ ಉದ್ದ ಮೂಳೆಯ ಬಿರುಕು. ಇಂಥ ಬಿರುಕು ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಭಾಮೈದನಿಗೆ ಫೋನ್ ಮಾಡಿ ಹೇಳಿದರೆ ನಕ್ಕುಬಿಟ್ಟ. "ಮಾಮಾ, ಕಣ್ಣಿದ್ದವರು ಕನಕಗಿರಿ ನೋಡ್ಬೇಕು, ಕಾಲಿದ್ದವರು ಹಂಪಿ ನೋಡ್ಬೇಕು ಅಂತಾರಲ್ರೀ. ನಿಮ್ಮ ಕಣ್ಣು ನೆಟ್ಟಗದಾವ, ಜೀಪಿನ್ಯಾಗ ಬರ್ರಿ." ಹಾಗೇ ಹೋದೆ. ಕನಕಾಚಲಪತಿಯ ತೇರು ಜೀಪಿನಲ್ಲಿ ಬಂದವರಿಗೂ ಕಾಣುತ್ತದೆ.

ನೀವು ಮಲಗಿದ ದಿನವೇ ಕುದುರೆಯ ಕಾಳು ಇಳಿಸಿ. ಇದನ್ನು ಮರೆಯುವವರೇ ಜಾಸ್ತಿ. ದಿನಾ ಕೆಲಸ ಮಾಡುವ ಕುದುರೆಗೆ ಹುರುಳಿ ಗುಗ್ಗರಿ ಹೊಟ್ಟೆ ತುಂಬ ಹಾಕಿ, ಕೆಲಸ ಮಾತ್ರ ನಿಲ್ಲಿಸಿ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಓಡಿಸಿದರೆ ಅದರ ಹಿಂಗಾಲಿನ ಮಾಂಸಖಂಡ ಕಲ್ಲಿನಂತೆ ಬಿಗಿಯುತ್ತದೆ. ಮೈ ಬೆವರುತ್ತದೆ, ಹೆಜ್ಜೆ ಕೀಳುವುದಿಲ್ಲ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ಒಂದು ಹೆಜ್ಜೆಯೂ ನಡೆಸಬಾರದು, ನೀರು ಇಟ್ಟು ಪಶು ವೈದ್ಯರನ್ನು ಅಲ್ಲಿಗೇ ಕರೆಸಬೇಕು. ಊರಲ್ಲಿ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ನಂಬರ್ ಅದು.

ಚಂದ್ರಿಗೆ ಕಾಳು ಅರ್ಧಕ್ಕಿಂತ ಕಡಿಮೆ ಮಾಡಿಸಿದೆ. ಹುಲ್ಲು, ಜೋಳದ ಕಣಿಕೆ ಎಂದಿನ ಹಾಗೇ. ಮೇವನ್ನು ಮಾತ್ರ ಏಕಾಏಕಿ ಬದಲಿಸಬೇಡಿ, ಕುದುರೆಗೆ ಹೊಟ್ಟೆಶೂಲೆ ಬರುವುದು ಹಾಗೇನೇ. ವಾಂತಿ ಮಾಡಿಕೊಂಡು ಹಗುರಾಗಲು ಅದಕ್ಕೆ ಆಗುವುದಿಲ್ಲ. ಲಾಳದವರನ್ನು ಕರೆಸುವ ವಾಯಿದೆಯನ್ನೂ ತಪ್ಪಿಸಬೇಡಿ. ನೀವು ಹತ್ತಲಿ ಬಿಡಲಿ ಗೊರಸು ಬೆಳೆಯುತ್ತಲೇ ಇರುತ್ತದೆ, 6ರಿಂದ 8 ವಾರಕ್ಕೆ ಕತ್ತರಿಸಲೇಬೇಕು.

ದಿನಾ ಎರಡು ಹೊತ್ತು ನಡೆಸಲು ಅಕ್ಕನ ಮಗನನ್ನು ಹಚ್ಚಿದೆ. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳುವುದು, ಅವನು ಮಾಡುವುದು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಮಡಚಿ ಹಿಡಿಯಬೇಕು. ಸುತ್ತಿಕೊಂಡ ಕೈಯನ್ನು ಕುದುರೆ ಎಳೆದುಕೊಂಡೇ ಓಡುತ್ತದೆ, ಬೆರಳು ಕಳೆದುಕೊಂಡವರು ಇದ್ದಾರೆ. ಮೂತಿಯ ಮುಂದೆ ನಡೆಯಬಾರದು, ಹೆಗಲಿನ ಪಕ್ಕ ಒಂದು ತೋಳಿನಷ್ಟು ದೂರ ಇರಬೇಕು. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುದುರೆಗೆ ಏನೂ ಕಾಣಿಸುವುದಿಲ್ಲ. ಹಿಂದೆ ದಾಟುವಾಗ ಮಾತಾಡುತ್ತಾ ದಾಟಬೇಕು. ಹಿಂದಿನಿಂದ ಗಾಡಿ ಸದ್ದು ಕೇಳಿದರೆ ನಿಲ್ಲಿಸಿ, ಅದರ ಮುಖವನ್ನು ಸದ್ದಿನ ಕಡೆಗೆ ತಿರುಗಿಸಬೇಕು. ಬರುವುದು ಏನು ಅಂತ ಕಂಡರೆ ಅರ್ಧ ಹೆದರಿಕೆ ಹೋಗುತ್ತದೆ. ಹುಡುಗ ಮೊದಲ ದಿನ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ, ವಾಪಸ್ ಕಳಿಸಿದೆ.

ಗಿಣಿಗೇರಿ ಕಡೆ ಫ್ಯಾಕ್ಟರಿಗೆ ಹೋಗುವವರು ಹಾಕುವ ಸೇಫ್ಟಿ ಶೂ ಲಾಯದ ಕೆಲಸಕ್ಕೆ ಒಳ್ಳೆಯದು. ಮುಂದಿನ ಸ್ಟೀಲ್ ಟೋಪಿ ಬೆರಳುಗಳನ್ನು ಉಳಿಸುತ್ತದೆ. ಪಾದದ ಮೇಲ್ಭಾಗಕ್ಕೆ ಅದರಿಂದ ರಕ್ಷಣೆ ಇಲ್ಲ. ಆದರೆ ಅದನ್ನೇ ಹಾಕಿಕೊಂಡು ಸವಾರಿಗೆ ಕೂರಬೇಡಿ. ದಪ್ಪ ಮೂತಿಯ ಶೂ ರಿಕಾಬಿನಲ್ಲಿ, ಅಂದರೆ ಸವಾರ ಪಾದ ಇಡುವ ಜೀನಿನ ಬಳೆಯಲ್ಲಿ, ಸಿಕ್ಕಿಕೊಂಡರೆ, ಬಿದ್ದಾಗ ಕುದುರೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಮತ್ತೆ ಹತ್ತುವುದು ಡಾಕ್ಟರ್ ಒಪ್ಪಿದ ಮೇಲೆ. ಆದರೆ ಡಾಕ್ಟರ್ "ನಡೆಯಬಹುದು" ಅಂದರೆ "ಸವಾರಿ ಮಾಡಬಹುದು" ಅಂತಲ್ಲ, ಬಿಡಿಸಿ ಕೇಳಿ. ಮನೆಯಲ್ಲೇ ನೋಡಿಕೊಳ್ಳಲು ಒಂದು ದಾರಿ ಇದೆ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗವಷ್ಟೇ ಇಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನ ಕೆಳಗೆ ಇಳಿಸಿ. ರಿಕಾಬಿನಲ್ಲಿ ಪಾದ ಕೂರುವುದು ಹೀಗೇ. ಇಲ್ಲಿ ನೋವಾದರೆ ಅಲ್ಲೂ ಆಗುತ್ತದೆ. ಇದು ಸಲೀಸಾದರೆ ಆ ಒಂದೇ ಕಾಲಲ್ಲಿ ಸಣ್ಣಗೆ ಕುಪ್ಪಳಿಸಿ. ಹತ್ತುವಾಗ ಎಡಗಾಲು ರಿಕಾಬಿನಲ್ಲಿರುತ್ತದೆ, ನೆಲ ಒದ್ದು ಮೇಲೇಳುವುದು ಬಲಗಾಲು. ಇಳಿಯುವಾಗ ನೆಲ ಮುಟ್ಟುವುದೂ ಅದೇ. ನನ್ನ ಪ್ರಕಾರ ಹತ್ತುವುದಕ್ಕಿಂತ ಇಳಿಯುವುದೇ ದೊಡ್ಡ ಪರೀಕ್ಷೆ. ಕುದುರೆ ಬೆದರಿದಾಗ ಧುಮುಕಿ ಇಳಿಯಲು ಆಗದ ಕಾಲು ಇನ್ನೂ ಸವಾರಿಯ ಕಾಲಲ್ಲ.

ಮೊದಲ ವಾರ ಕಟ್ಟೆಯ ಮೇಲಿಂದಲೇ ಹತ್ತಿ, ಅದರ ಮೇಲೇ ಇಳಿಯಿರಿ. ಬರೀ ನಡಿಗೆ, ಪಕ್ಕದಲ್ಲಿ ಹಗ್ಗ ಹಿಡಿದ ಒಬ್ಬರು. ಸಂಜೆ ಪಾದ ಬಾತುಕೊಂಡರೆ ಮಾರನೇ ದಿನ ರಜೆ. ಅಷ್ಟು ದಿನ ಸುಮ್ನೆ ಇದ್ದ ಕುದುರೆಗೂ ದಮ್ಮು ಕಡಿಮೆಯಾಗಿರುತ್ತದೆ, ದುಡುಕು ಜಾಸ್ತಿ ಇರುತ್ತದೆ. ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಕೆಲಸ ಎಷ್ಟು ಏರಿದೆಯೋ ನೋಡಿಕೊಂಡು, ಅದರ ಹಿಂದೆ ಹುರುಳಿ ಏರಿಸಿ.