ಪಿ.ಜಿ. ವೈದ್ಯರ ಕಲಿಕೆ ಅಳೆಯುವುದು ಹೇಗೆ? ಸಹಿಗೆ ಮೊದಲು ಕಣ್ಣಾರೆ ನೋಡಿ

ಎಂ.ಡಿ., ಎಂ.ಎಸ್. ತರಬೇತಿ ಮೂರು ವರ್ಷದ್ದು. ಅಂತಿಮ ಪರೀಕ್ಷೆ ಹತ್ತಿರ ಬಂದಾಗ ಲಾಗ್‌ಬುಕ್‌ಗಳನ್ನು (ವಿದ್ಯಾರ್ಥಿ ತಾನು ನೋಡಿದ, ಮಾಡಿದ ಕೇಸ್‌ಗಳನ್ನು ಬರೆದಿಡುವ ಪುಸ್ತಕ) ರಾಶಿ ಹಾಕಿಕೊಂಡು ಒಂದೇ ಮಧ್ಯಾಹ್ನ ಸಹಿ ಮಾಡಿ ಮುಗಿಸುವ ಗೈಡ್‌ಗಳನ್ನು, ಅಂದರೆ ಮಾರ್ಗದರ್ಶಕ ಅಧ್ಯಾಪಕರನ್ನು, ಕಂಡಿದ್ದೇನೆ. ಮೂರು ವರ್ಷದ ತಾರೀಖುಗಳು, ಒಂದೇ ಶಾಯಿ! ಇದು ಕಲಿಯುವವರಿಗೂ ರೋಗಿಗೂ ಮಾಡುವ ಅನ್ಯಾಯ.

ಮೊದಲು, ಲಾಗ್‌ಬುಕ್ಕನ್ನು ತಿಂಗಳಿಗೊಮ್ಮೆ ತೆರೆಯಿರಿ. ಎಷ್ಟು ಕೇಸ್ ಎಂದು ಎಣಿಸಬೇಡಿ. ಬರೀ ನೋಡಿದ್ದು, ನೆರವಾದದ್ದು, ಹಿರಿಯರ ಎದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ವಿದ್ಯಾರ್ಥಿ ಮೇಲೇರುತ್ತಿದ್ದಾರೆಯೇ ನೋಡಿ.

ಎರಡನೆಯದು, ಎಲ್ಲರೂ ಎಡವುವ ಹಂತ: ರೋಗಿಯ ಪಕ್ಕದಲ್ಲಿ ನಿಂತು ನೋಡುವುದು. ರೋಗಿಯನ್ನು ಪರೀಕ್ಷಿಸುವುದನ್ನು ನೋಡಿದರೆ ಮಿನಿ-ಸಿಇಎಕ್ಸ್ (Mini-CEX), ಸೂಜಿ ಹಾಕುವಂಥ ಕೈಕೆಲಸ ನೋಡಿದರೆ ಡಾಪ್ಸ್ (DOPS) ಎಂದು ಕರೆಯುವ ಈ ವಿಧಾನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಸಾಕು. ಎದೆಯ ನೀರು ತೆಗೆಯುವುದನ್ನೇ ತೆಗೆದುಕೊಳ್ಳಿ. ರೋಗಿಗೆ ಏನು ಮಾಡುತ್ತೇವೆಂದು ಹೇಳಿ ಒಪ್ಪಿಗೆ ಪಡೆದರೇ? ಯಾವ ಬದಿ ಎಂದು ಎಕ್ಸ್‌ರೇ ಜೊತೆ ತಾಳೆ ನೋಡಿದರೇ? ಬೆನ್ನು ತಟ್ಟಿ ಪರೀಕ್ಷಿಸಿದರೇ? ಸೂಜಿ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಒಳಹೋಗಬೇಕು. ಕೆಳಗಿನ ಅಂಚಿನಲ್ಲಿ ರಕ್ತನಾಳ, ನರಗಳಿವೆ. ಈ ಹೊತ್ತಿನಲ್ಲಿ ನೀವು ಬಾಯಿ ಹಾಕಬಾರದು. ರೋಗಿಗೆ ಅಪಾಯವೆನಿಸಿದರೆ ಮಾತ್ರ ತಕ್ಷಣ ಕೈ ಹಾಕಿ. ಫೋನ್ ಜೇಬಿನಲ್ಲೇ ಇರಲಿ. ಡ್ಯೂಟಿ ರೂಮಿನಲ್ಲಿ ಕೇಸ್ ಹೇಳಿಸಿಕೊಂಡು ಅಂಕ ಕೊಡುವುದು ಇದಕ್ಕೆ ಬದಲಿಯಲ್ಲ. ಚೆನ್ನಾಗಿ ಮಾತನಾಡುವವರ ಕೈ ನಡುಗುವುದು ಅಲ್ಲಿ ಕಾಣುವುದಿಲ್ಲ.

ಮುಗಿದ ಕೂಡಲೇ, ರೋಗಿಯ ಕಿವಿಗೆ ಬೀಳದಷ್ಟು ದೂರದಲ್ಲಿ ಐದು ನಿಮಿಷ ಮಾತನಾಡಿ. ‘ಚೆನ್ನಾಗಿದೆ, ಇನ್ನೂ ಓದಬೇಕು’ ಎಂಬುದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ‘ಮರಗಟ್ಟಿಸುವ ಔಷಧಿ ಕೊಟ್ಟ ಮೇಲೆ ಒಂದು ನಿಮಿಷವೂ ಕಾಯಲಿಲ್ಲ, ಅವರು ನೋವಿನಿಂದ ಮಂಚ ಹಿಡಿದುಕೊಂಡಿದ್ದರು’ ಎನ್ನಿ. ಅದು ಮನಸ್ಸಿನಲ್ಲಿ ನಾಟುತ್ತದೆ. ವಾರ್ಡಿನ ಸಿಸ್ಟರ್‌ಗಳನ್ನೂ ಕೇಳಿ. ರಾತ್ರಿ ಎರಡು ಗಂಟೆಗೆ ಕರೆದರೆ ಯಾರು ಎದ್ದು ಬರುತ್ತಾರೆಂದು ಅವರಿಗೆ ಗೊತ್ತು.

ಮೂರು ತಿಂಗಳಿಗೊಮ್ಮೆ ಮೌಲ್ಯಮಾಪನ ಪತ್ರ ತುಂಬಿಸಿ. ಎಲ್ಲ ಕಾಲಂಗೂ ‘ತೃಪ್ತಿಕರ’ ಎಂದು ಮೊದಲೇ ಅಚ್ಚಾದ ನಮೂನೆಗಳು ಕೈಯಿಂದ ಕೈಗೆ ಹರಿದಾಡುತ್ತವೆ, ಅವನ್ನು ಹರಿದು ಹಾಕಿ. ಹಾಜರಾತಿ, ಥೀಸಿಸ್, ಜಿಲ್ಲಾ ಆಸ್ಪತ್ರೆಯ ಮೂರು ತಿಂಗಳ ಕೆಲಸ, ಇವೆಲ್ಲ ಕಡತ ನೋಡಿದರೆ ತಿಳಿಯುತ್ತವೆ.

ಕೊರತೆ ಕಂಡಿದ್ದರೆ, ಅದೇ ಕೆಲಸವನ್ನು ಮತ್ತೆ ಯಾವತ್ತು ನೋಡುತ್ತೀರಿ ಎಂಬ ತಾರೀಖನ್ನು ಪತ್ರದಲ್ಲೇ ಬರೆದು, ಇಬ್ಬರೂ ಸಹಿ ಮಾಡಿ.