ಮಳೆಗಾಲದಲ್ಲಿ ಘಟ್ಟ ಇಳಿಯುವಾಗ ಬ್ರೇಕ್ ಕಾಯ್ದುಕೊಳ್ಳುವುದು ಹೇಗೆ?

ಸಕಲೇಶಪುರ ದಾಟಿ ಶಿರಾಡಿಯತ್ತಲೋ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯತ್ತಲೋ ಇಳಿಯುವ ವಾಹನಕ್ಕೆ ಬಯಲುಸೀಮೆಯ ಚಾಲನೆಯ ಅಭ್ಯಾಸ ಸಾಲದು. ಎದುರಿನವರು ತಪ್ಪು ಮಾಡಬಹುದೆಂದು ಮೊದಲೇ ಎಣಿಸಿ, ಆ ತಪ್ಪಿಗೂ ಜಾಗ ಉಳಿಸಿಕೊಂಡು ಓಡಿಸುವುದೇ ರಕ್ಷಣಾತ್ಮಕ ಚಾಲನೆ. ಘಟ್ಟದಲ್ಲಿ ಇದರ ಜೊತೆಗೆ ನಮ್ಮದೇ ಬ್ರೇಕ್ ಕೈಕೊಡಬಹುದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಿದ್ಧತೆ ಮನೆಯಲ್ಲಿಯೇ ಶುರುವಾಗಲಿ. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರ್ ಬದಲಿಸಲೇಬೇಕು. ಆದರೆ ನೀರು ನಿಂತ ರಸ್ತೆಯಲ್ಲಿ ಹಿಡಿತ ಅದಕ್ಕೆ ಬಹಳ ಮೊದಲೇ ಕುಗ್ಗುವುದರಿಂದ, ಮಲೆನಾಡಿನ ಪ್ರಯಾಣಕ್ಕೆ 3 ಮಿಲಿಮೀಟರಾದರೂ ಇರಲಿ ಎನ್ನುವುದು ನನ್ನ ಒತ್ತಾಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಹಳೆಯ ಆಯಿಲ್ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿದಾಗ ಆವಿಯ ಗುಳ್ಳೆಗಳೇಳುವುದರಿಂದ, ಪೆಡಲ್ ತಳದವರೆಗೆ ಹೋದರೂ ಚಕ್ರ ನಿಲ್ಲುವುದಿಲ್ಲ. ವಾಹನದ ಕೈಪಿಡಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಿಸಬೇಕು.

ಇಳಿಜಾರು ಆರಂಭವಾಗುವ ಮೊದಲೇ ಗೇರ್ ಇಳಿಸುವುದು ಮುಂದಿನ ಹೆಜ್ಜೆ. ಯಾವ ಗೇರಿನಲ್ಲಿ ಈ ಏರನ್ನು ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಲೆಕ್ಕ ಇಂದಿಗೂ ಸರಿಯಾಗಿದೆ. ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ವಾಹನವನ್ನು ಹಿಡಿದು ನಿಧಾನಿಸುತ್ತದೆ, ಬ್ರೇಕಿಗೆ ಬೀಳುವ ಹೊರೆ ಇಳಿಯುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ‘ಎಲ್’ ಅಥವಾ ಮ್ಯಾನ್ಯುವಲ್ ಸ್ಥಾನ ಇರುವುದೇ ಇದಕ್ಕಾಗಿ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಈಗಲೂ ಕಾಣುತ್ತೇವೆ. ಹಾಗೆ ಮಾಡಿದರೆ ಇಡೀ ವಾಹನದ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಎಂಜಿನ್ ಆರಿಸಿದರಂತೂ ಪವರ್ ಸ್ಟೀರಿಂಗ್ ಬಿಗಿಯಾಗಿ, ಬ್ರೇಕಿಗೆ ಸಿಗುವ ನೆರವೂ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿದೊಡನೆ ಪೂರ್ತಿ ಬಿಡಬೇಕು. ಪೆಡಲಿನ ಮೇಲೆ ಕಾಲನ್ನು ಸುಮ್ಮನೆ ಇಟ್ಟುಕೊಂಡೇ ಇಳಿದರೆ ಪ್ಯಾಡುಗಳಿಗೆ ತಣಿಯಲು ಬಿಡುವು ಸಿಗುವುದಿಲ್ಲ.

ಆಗುಂಬೆಯಲ್ಲಿರುವಂಥ ಹೇರ್‌ಪಿನ್ ತಿರುವುಗಳಲ್ಲಿ ವೇಗವನ್ನು ತಿರುವಿಗೆ ಮೊದಲೇ, ರಸ್ತೆ ನೇರವಿರುವಾಗಲೇ ತಗ್ಗಿಸಬೇಕು. ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಎಲೆ, ಕೆಸರು ಬಿದ್ದಿರುವ ಕಡೆ ದ್ವಿಚಕ್ರ ಸವಾರರಿಗೆ ಇದು ಇನ್ನೂ ಅಪಾಯಕರ. ಬಸ್ಸು, ಲಾರಿಗಳಿಗೆ ತಿರುಗಲು ಬಹುಪಾಲು ರಸ್ತೆಯೇ ಬೇಕಾಗುವುದರಿಂದ, ಹಾರ್ನ್ ಮಾಡಿ, ಉತ್ತರದ ಹಾರ್ನ್ ಕೇಳಿಸಿದರೆ ತಿರುವಿಗೆ ಮುಂಚೆಯೇ ನಿಂತು ಅವರಿಗೆ ದಾರಿ ಬಿಡುವುದು ಸರಿಯಾದ ಕ್ರಮ. ಇಕ್ಕಟ್ಟಿನ ಕಡೆ ಏರುತ್ತಿರುವ ವಾಹನಕ್ಕೇ ಮೊದಲ ಹಕ್ಕು ಎಂದು 2017ರ ಚಾಲನಾ ನಿಯಮಗಳೂ ಹೇಳುತ್ತವೆ, ಏಕೆಂದರೆ ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಬಲು ಕಷ್ಟ.

ಮುಂದಿನ ವಾಹನದಿಂದ ಎಷ್ಟು ಅಂತರ ಬೇಕು? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಹಿಡಿಯುವ ಮುಂಚೆಯೇ ಎರಡು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಮುಗಿದಿರುತ್ತದೆ. ಮುಂದಿನ ವಾಹನ ಒಂದು ಮೈಲಿಗಲ್ಲನ್ನೋ ಮರವನ್ನೋ ದಾಟಿದ ಮೇಲೆ ನಾವು ಅಲ್ಲಿಗೆ ತಲುಪಲು ಕನಿಷ್ಠ ಮೂರು ಸೆಕೆಂಡ್ ಆಗಬೇಕು; ಮಳೆಯಲ್ಲಿ ಆರು. ಆ ಜಾಗಕ್ಕೆ ಮತ್ತೊಬ್ಬರು ನುಗ್ಗಿದರೆ ಪುನಃ ಹಿಂದೆ ಸರಿಯಬೇಕು. ಅದರಿಂದ ತಡವಾಗುವುದು ಕೆಲವೇ ಸೆಕೆಂಡ್.

ಮಂಜು ಕವಿದರೆ ದೀಪವನ್ನು ಡಿಮ್‌ನಲ್ಲಿ ಇಡಬೇಕು, ಏಕೆಂದರೆ ಬ್ರೈಟ್ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು ತಪ್ಪು. ನಾವು ಎತ್ತ ತಿರುಗುತ್ತೇವೆಂಬುದು ಹಿಂದಿನವರಿಗೆ ತಿಳಿಯುವುದಿಲ್ಲ.

ಸುಟ್ಟ ವಾಸನೆ ಬಂದರೆ, ಅಥವಾ ಪೆಡಲ್ ಮೆತ್ತಗಾದಂತೆ ಅನಿಸಿದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆಯಾದರೂ ಬ್ರೇಕ್ ತಣಿಯಲು ಬಿಡಬೇಕು. ನೀರು ಸುರಿಯಬಾರದು, ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರಿಯಲೂಬಹುದು. ಇಷ್ಟೆಲ್ಲ ಎಚ್ಚರದ ನಡುವೆಯೂ ಬ್ರೇಕ್ ಹಿಡಿಯದೇ ಹೋದರೆ ಎಂಜಿನ್ ಆರಿಸದೆ, ಪೆಡಲನ್ನು ಬೇಗಬೇಗ ಒತ್ತಿ ಬಿಡುತ್ತಾ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಹೋಗಬೇಕು. ಹಾರ್ನ್ ನಿಲ್ಲಿಸಬಾರದು. ಅದೂ ಸಾಲದಿದ್ದರೆ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಯ ಚರಂಡಿಗೆ ವಾಹನವನ್ನು ಇಳಿಸಿ, ಮಣ್ಣಿನ ಬದಿಗೆ ಉಜ್ಜಿ ನಿಲ್ಲಿಸಬೇಕು.